ಬಾಲ್ಕನಿ ಕಡೆಯ ಮಖಮಲ್ಲು

ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ. ಗಂಡ ‘ಏ, ನೋಡಿಲ್ಲಿ’ ಎನ್ನುತ್ತಾನೆ. ಅತ್ತೆ ‘ಹುಡುಗಿ’ ಎನ್ನುತ್ತಾರೆ. ಸೊಸೆಗೆ ಐವತ್ತು ದಾಟಿ, ಮೂಗಿನ ಮೇಲೆ ಕನ್ನಡಕ ಕೂತು, ಮೆಟ್ಟಿಲು ಹತ್ತುವಾಗ ಮೊಣಕಾಲು ಲಟಕ್ಕೆನ್ನಲು ಶುರುವಾಗಿದ್ದರೂ ಅತ್ತೆಯ ಬಾಯಲ್ಲಿ ಅವಳಿನ್ನೂ ಹುಡುಗಿಯೇ. ಉಳಿದಂತೆ ಬೀದಿಗೆಲ್ಲ ಅವಳು ಚೂರಕ್ಕ. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಹಾಗೆಯೇ ಕೂಗುತ್ತಾರೆ, ಅವಳೂ ಓಗೊಡುತ್ತಾಳೆ.

ಈ ಹೆಸರು ಅಂಟಿಕೊಂಡದ್ದು ಅವಳು ಒಂದು ಪರದೆ ಅಂಗಡಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ. ಸಂಜೆ ಕಸ ಗುಡಿಸುವ ಹೊತ್ತಿಗೆ ಅಲ್ಲಿನ ನೆಲದ ತುಂಬ ಬಟ್ಟೆಯ ಚೂರುಗಳು ಬಿದ್ದಿರುತ್ತಿದ್ದವು. ಗೆರೆಯವು, ಹೂವಿನವು, ಅಂಗೈಯಗಲದವು, ಒಂದೊಂದು ಸಲ ಮೊಳದುದ್ದದವೂ. ಎಲ್ಲವನ್ನೂ ಮೂಟೆ ಕಟ್ಟಿ ಹಿತ್ತಲಲ್ಲಿ ಬೆಂಕಿ ಹಾಕುತ್ತಿದ್ದರು. ಆ ಹೊಗೆ ಕಂಡಾಗಲೆಲ್ಲ ಅವಳಿಗೆ ತನ್ನ ಸೀರೆಯೇ ಸುಡುತ್ತಿರುವಂತೆ ಸಂಕಟ. ‘ಒಂದು ಚೂರು ತಗೊಳ್ಳಲಾ ಸಾರ್?’ ಎಂದು ದಿನಾ ಕೇಳುತ್ತಿದ್ದಳು. ಕೇಳಿ ಕೇಳಿ ಸಾಕಾಗಿ ಒಂದು ದಿನ ಮಾಲೀಕ, ‘ಅಮ್ಮಾ ಚೂರಕ್ಕ, ಮೂಟೆನೇ ಹೊತ್ಕೊಂಡು ಹೋಗು. ಬೆಂಕಿಪೊಟ್ಟಣ ಆದ್ರೂ ಉಳಿಯುತ್ತೆ’ ಎಂದ. ಅಂಗಡಿಯವರೆಲ್ಲ ನಕ್ಕರು. ಹೆಸರು ಅಲ್ಲೇ ಕಾಯಂ ಆಯಿತು.

ಆ ಮೂಟೆಯಿಂದ ಅವಳು ಮೊದಲು ಮಾಡಿದ್ದು ಒಂದು ಕಾಲೊರಸು. ಚೂರುಗಳನ್ನು ಉದ್ದುದ್ದ ಪಟ್ಟಿ ಮಾಡಿ, ಜಡೆ ಹೆಣೆದು, ಜಡೆಯನ್ನು ಸುತ್ತಿ ಸುತ್ತಿ ಹೊಲಿದು ಬಚ್ಚಲಮನೆಯ ಬಾಗಿಲಿಗೆ ಹಾಕಿದಳು. ಅತ್ತೆ ಬಂದು ನೋಡಿದರು. ದಾಟಿಕೊಂಡು ಹೋದರು. ವಾಪಸ್ಸು ಬರುವಾಗಲೂ ದಾಟಿದರು. ಮೂರನೇ ಸಲ ಬಗ್ಗಿ ಅದನ್ನೆತ್ತಿ ತಮ್ಮ ಕುರ್ಚಿಯ ಮೇಲೆ ಹಾಕಿಕೊಂಡು ಕೂತರು. ‘ಇಂಥಾದ್ದನ್ನ ಒದ್ದೆ ಕಾಲಲ್ಲಿ ತುಳೀಬೇಕಾ? ಬುದ್ಧಿ ಬೇಡ್ವಾ ಹುಡುಗಿ ನಿಂಗೆ?’ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಬೈಗುಳದ ರೂಪದಲ್ಲಿದ್ದರೂ ಚೂರಕ್ಕನಿಗೆ ಅರ್ಥವಾಯಿತು.

ಪರದೆ ಅಂಗಡಿ ಮುಚ್ಚಿದ ಮೇಲೆ ಅವಳು ಬೇರೆ ಕೆಲಸ ಹುಡುಕಲಿಲ್ಲ. ಮನೆಯ ಮುಂದಿನ ಕೋಣೆಯಿಂದ ಮಂಚವನ್ನು ಎತ್ತಿಸಿ ಹೊಲಿಗೆ ಯಂತ್ರ ಇಡಿಸಿದಳು. ಹಣ್ಣಿನಂಗಡಿಯವರು ಎಸೆಯುವ ಮರದ ಪೆಟ್ಟಿಗೆಗಳನ್ನು ಗೋಡೆಗೆ ಒಂದರ ಮೇಲೊಂದು ಹೊಡೆಸಿ ಗೂಡು ಮಾಡಿಸಿದಳು. ಗೂಡಿಗೊಂದು ಬಣ್ಣ. ಹಳದಿ ಗೂಡು ಸದಾ ಖಾಲಿ, ಕಂದು ಗೂಡು ಸದಾ ಉಕ್ಕಿ ಹರಿಯುತ್ತಿತ್ತು. ಕೊಳ್ಳುವವರು ಹಳದಿ ಕೇಳುತ್ತಾರೆ, ಚೂರು ಕೊಡುವ ದರ್ಜಿಗಳ ಹತ್ತಿರ ಇರುವುದು ಪ್ಯಾಂಟಿನ ಕಂದು, ಏನು ಮಾಡಲಾದೀತು? ದಿಂಬಿನ ಗವಸು, ಕುರ್ಚಿಯ ಮೆತ್ತೆ, ಹೊದಿಕೆ, ಬಾಗಿಲ ಪರದೆ, ನೆಲಹಾಸು, ಎಲ್ಲವೂ ಆ ಗೂಡುಗಳಿಂದಲೇ ಹುಟ್ಟುತ್ತಿದ್ದವು. ಹೊಸ ಬಟ್ಟೆಗೆ ಕತ್ತರಿ ಹಾಕುವುದಿಲ್ಲ ಎನ್ನುವುದು ಅವಳ ಹಟ. ಚೂರು ಕತ್ತರಿಸಿದಾಗ ಬೀಳುವ ಚೂರಿನ ಚೂರು ದಿಂಬಿನ ಹೊಟ್ಟೆಗೆ ಹೋಗುತ್ತಿತ್ತು. ಬಟ್ಟೆ ತೊಳೆದ ಕೊನೆಯ ನೀರು ಹಿತ್ತಲ ಗಿಡಗಳಿಗೆ. ಸವೆದ ಗವಸನ್ನು ಯಾರಾದರೂ ವಾಪಸ್ಸು ತಂದರೆ ಬೇಸರವಿಲ್ಲದೆ ತೇಪೆ ಹಾಕಿ ಕೊಡುತ್ತಿದ್ದಳು.

ಗಂಡನದು ಸಾಮಾನು ಸಾಗಿಸುವ ಸಣ್ಣ ಗಾಡಿ. ಊರಿನ ಬೀರು, ಮಂಚ, ಮೇಜುಗಳೆಲ್ಲ ಅವನ ಗಾಡಿಯ ಮೇಲೆ ಮನೆ ಬದಲಿಸಿವೆ. ‘ಮಾರಿದ್ದೆಲ್ಲ ವಾಪಸ್ ಬರೋ ವ್ಯಾಪಾರ ನಾನೆಲ್ಲೂ ಕಂಡಿಲ್ಲ’ ಎಂದು ಅವನು ಗೊಣಗಿದರೆ, ‘ನಿಮ್ಮ ಗಾಡಿ ತಿಂಗಳಿಗೆರಡು ಸಲ ಗ್ಯಾರೇಜಿಗೆ ಹೋಗಲ್ವಾ? ಇದೂ ಹಂಗೇ’ ಎನ್ನುತ್ತಿದ್ದಳು. ಗಿರಾಕಿಗಳು ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳುತ್ತಿದ್ದರು: ‘ಚೂರಕ್ಕ, ಇದು ಮೊದಲು ಏನಾಗಿತ್ತು?’ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಈ ನೀಲಿ ಒಬ್ಬ ಚಾಲಕನ ಸಮವಸ್ತ್ರ, ಈ ಹಸಿರು ವಕೀಲರ ಮನೆ ಕಿಟಕಿ ಪರದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ. ಜನಕ್ಕೆ ಆ ಮಾತಿನ ಮೇಲೆ ಭರವಸೆ. ಅವಳ ಸಾಮಾನಿನಲ್ಲಿ ಅರ್ಧ ಬೆಲೆ ಬಟ್ಟೆಯದಾದರೆ ಇನ್ನರ್ಧ ಆ ಭರವಸೆಯದು.

ಹೀಗಿರುವಾಗ ಒಂದು ಬೆಳಿಗ್ಗೆ ಟಾರ್ಚ್ ಮಾಮ ಬಾಗಿಲಲ್ಲಿ ನಿಂತಿದ್ದರು.

ಊರಿನ ಹಳೇ ಸಿನಿಮಾ ಮಂದಿರದಲ್ಲಿ ಕತ್ತಲಾದ ಮೇಲೆ ಬಂದವರಿಗೆ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದವರು ಅವರು. ಊರಿನಲ್ಲಿ ಅವರ ಬೆಳಕಿನ ಹಿಂದೆ ನಡೆಯದವರಿಲ್ಲ. ಮಂದಿರ ಮುಚ್ಚಿ ತಿಂಗಳುಗಳಾಗಿದ್ದವು. ಈಗ ಅದನ್ನು ಟೈರುಗಳ ಗೋದಾಮು ಮಾಡುತ್ತಾರಂತೆ.

‘ಕುರ್ಚಿ ಎಲ್ಲಾ ಹೋದ್ವು ತಾಯಿ. ಮೊನ್ನೆ ಫ್ಯಾನೂ ಬಿಚ್ಚಿದ್ರು’ ಎಂದರು. ‘ಪರದೆ ಒಂದು ಉಳಿದಿದೆ. ತೆರೆ ಮುಂದೆ ಎಳೀತಿದ್ವಲ್ಲ, ಆ ಕೆಂಪು ಮಖಮಲ್ಲಿಂದು. ಗುಜರಿಯವನು ಬೇಡ ಅಂದ. ಮ್ಯಾನೇಜರು ಸುಟ್ಟುಬಿಡ್ತೀನಿ ಅಂತಿದಾರೆ.’

ಸುಡುವುದೆಂಬ ಮಾತು ಕೇಳಿದ್ದೇ ತಡ, ಚೂರಕ್ಕ ಕತ್ತರಿ ಕೆಳಗಿಟ್ಟು ಗಂಡನ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೊರಟಳು.

ಮಂದಿರದ ಒಳಗೆ ಕುರ್ಚಿಗಳಿಲ್ಲದ ಇಳಿಜಾರು ನೆಲ, ಗೋಡೆಯ ಮೇಲೆ ಜೇಡರ ಬಲೆ. ಎದುರಿಗೆ ಮಾತ್ರ ಆ ಪರದೆ ಸೂರಿನಿಂದ ನೆಲದವರೆಗೆ ಮಡಿಕೆ ಮಡಿಕೆಯಾಗಿ ಇಳಿಬಿದ್ದಿತ್ತು. ಚೂರಕ್ಕ ಬಾಯಿ ತೆರೆದು ನಿಂತಳು. ಜೀವನವಿಡೀ ಗೇಣಗಲದ ತುಂಡುಗಳೊಡನೆ ಗುದ್ದಾಡಿದವಳು ಅವಳು. ಒಂದೇ ತುಂಡು, ಇಷ್ಟು ದೊಡ್ಡದು, ಅವಳ ಕಣ್ಣಿಗೆ ಬಿದ್ದದ್ದು ಇದೇ ಮೊದಲು.

ಎಳೆಯುವ ಗಾಲಿಗಳು ತುಕ್ಕು ಹಿಡಿದಿದ್ದವು. ಹಿಂದೆಯೇ ಗಾಡಿ ತಂದಿದ್ದ ಗಂಡ ಏಣಿ ಹತ್ತಿ ಹಗ್ಗ ಕೊಯ್ಯತೊಡಗಿದ. ಮ್ಯಾನೇಜರು ಕೆಳಗೆ ನಿಂತು, ‘ಎಡಕ್ಕೆ, ಇನ್ನೂ ಎಡಕ್ಕೆ, ನನಗೆ ಗೊತ್ತು, ನಾನು ಹೇಳ್ದಂಗೆ ಮಾಡಿ’ ಎನ್ನುತ್ತಿದ್ದರು. ಹಗ್ಗ ತುಂಡಾಯಿತು. ಧೊಪ್ಪೆಂದು ಇಡೀ ಪರದೆ ಬಿತ್ತು. ದೂಳಿನ ಮೋಡ ಎದ್ದು ನಿಧಾನಕ್ಕೆ ಕೂತ ಮೇಲೆ ನೋಡಿದರೆ ಮ್ಯಾನೇಜರು ಇಲ್ಲ. ಮಖಮಲ್ಲಿನ ನಡುವೆ ಒಂದು ಉಬ್ಬು ಮಾತ್ರ ಅತ್ತಿಂದಿತ್ತ ಓಡಾಡುತ್ತ ಕೆಮ್ಮುತ್ತಿತ್ತು. ಟಾರ್ಚ್ ಮಾಮ ಒಂದು ಅಂಚನ್ನೆತ್ತಿ, ಹಳೇ ಅಭ್ಯಾಸದಂತೆ ಜೇಬಿನಿಂದ ಟಾರ್ಚ್ ತೆಗೆದು ಒಳಗೆ ಬೆಳಕು ಬಿಟ್ಟರು. ‘ಈ ಕಡೆ ಬನ್ನಿ ಸಾರ್. ನಿಧಾನ. ಮೆಟ್ಟಿಲಿದೆ, ನೋಡ್ಕೊಂಡು.’

ಹೊರಬಂದ ಮ್ಯಾನೇಜರು, ‘ಮೊದಲು ಇದನ್ನ ತಗೊಂಡು ಹೋಗಿ’ ಎಂದಷ್ಟೇ ಹೇಳಿದರು.

ತರುವುದೇನೋ ತಂದದ್ದಾಯಿತು. ಗಾಡಿಯ ಟೈರು ಅರ್ಧ ಕೂತಿತ್ತು. ತಾರಸಿಯ ಮೇಲೆ ಹರಡಿ ಕೋಲಿನಿಂದ ಬಡಿದಾಗ ಬೀದಿ ಪೂರ್ತಿ ಸೀನಿತು. ಅಂಚಿನೊಳಗೆ ತೂಕಕ್ಕೆಂದು ಹೊಲಿದಿದ್ದ ಕಬ್ಬಿಣದ ಸರಪಳಿ ಸಿಕ್ಕಿತು. ಗಂಡ ಅದನ್ನು ಮರುಮಾತಿಲ್ಲದೆ ಗಾಡಿಗೆ ಸೇರಿಸಿಕೊಂಡ. ಆಮೇಲೆ ತೊಳೆಯುವ ಕೆಲಸ. ಒಂದೊಂದು ಭಾಗವಾಗಿ ಬಿಚ್ಚಿ ತೊಟ್ಟಿಗೆ ಅದ್ದಿದಳು. ಮಖಮಲ್ಲು ಇಷ್ಟು ವರ್ಷ ಒಳಗೆ ಹಿಡಿದಿಟ್ಟುಕೊಂಡಿದ್ದ ಬಣ್ಣವನ್ನು ಒಂದೇ ಸಲಕ್ಕೆ ಬಿಟ್ಟಿತು. ತಾರಸಿಯ ಕೊಳವೆಯಿಂದ ಕೆಂಪು ನೀರು ಸುರಿಯಿತು. ಕೆಳಗೆ ಪಕ್ಕದ ಮನೆಯ ಮೇಷ್ಟ್ರ ಬಿಳಿ ಅಂಗಿಗಳು ಸಾಲಾಗಿ ಒಣಗುತ್ತಿದ್ದವು.

ಮೇಷ್ಟ್ರು ಬಂದಾಗ ಕೈಯಲ್ಲೊಂದು ಗುಲಾಬಿ ಬಣ್ಣದ ಅಂಗಿ ಇತ್ತು. ‘ಚೂರಕ್ಕ, ನಾಳೆ ನಾನು ಶಾಲೆಗೆ ಹೋಗಬೇಕು’ ಎಂದರು. ಅವಳು ಕೈಮುಗಿದು, ಎಲ್ಲ ಅಂಗಿಗಳನ್ನೂ ಇಸಿದುಕೊಂಡು, ಮಚ್ಚೆ ಮಚ್ಚೆಯಾಗಿದ್ದವನ್ನು ಮತ್ತೆ ಅದೇ ನೀರಿನಲ್ಲಿ ಉಪ್ಪು ಹಾಕಿ ಅದ್ದಿ, ಒಂದೇ ಸಮನಾದ ತಿಳಿ ಗುಲಾಬಿ ಮಾಡಿ ಇಸ್ತ್ರಿ ಹಾಕಿಸಿ ಕೊಟ್ಟಳು. ಮೇಷ್ಟ್ರು ತಲೆತಗ್ಗಿಸಿಕೊಂಡೇ ಶಾಲೆಗೆ ಹೋದರು. ಅವರ ಹೆಂಡತಿ ಮಾತ್ರ ಗುಟ್ಟಾಗಿ ಬಂದು, ‘ಹತ್ತು ವರ್ಷ ಚಿಕ್ಕವರ ಥರ ಕಾಣ್ತಾರೆ ಕಣ್ರೀ. ಇನ್ನು ಬಿಳಿ ಹಾಕೋದಕ್ಕೆ ನಾನು ಬಿಡಲ್ಲ’ ಎಂದು ಹೇಳಿಹೋದರು.

ಒಣಗಿದ ಮಖಮಲ್ಲು ಹೊಸ ಸಮಸ್ಯೆ ತಂದಿಟ್ಟಿತು. ಮಡಿಕೆಯ ಒಳಗಿದ್ದ ಭಾಗ ಕಡುಗೆಂಪು, ಹೊರಗೆ ಬೆಳಕಿಗಿದ್ದ ಭಾಗ ಇಟ್ಟಿಗೆಯ ಹಾಗೆ ಮಾಸಿತ್ತು. ಬಟ್ಟೆಯುದ್ದಕ್ಕೂ ಪಟ್ಟೆ. ಮರೆಮಾಚುವುದು ಹೇಗೆಂದು ಎರಡು ದಿನ ತಲೆ ಕೆಡಿಸಿಕೊಂಡಳು. ಕಣ್ಣು ಮಂಜಾಗಿದ್ದ ಅತ್ತೆ ಬಟ್ಟೆಯನ್ನು ತೊಡೆಯ ಮೇಲೆಳೆದುಕೊಂಡು ಸವರಿ ನೋಡಿದರು. ಮಖಮಲ್ಲಿನ ಕೂದಲು ಒಂದು ಕಡೆಗೆ ಸವರಿದರೆ ನಯವಾಗಿ ಮಲಗುತ್ತದೆ, ಎದುರು ಸವರಿದರೆ ನಿಲ್ಲುತ್ತದೆ. ಎಲ್ಲ ತುಂಡುಗಳಲ್ಲೂ ಅದು ಒಂದೇ ಕಡೆಗೆ ಮಲಗದಿದ್ದರೆ ಹೊಲಿದ ಮೇಲೆ ಒಂದೇ ಬಣ್ಣ ಎರಡಾಗಿ ಕಾಣುತ್ತದೆ. ‘ದಿಕ್ಕು ನಾನು ನೋಡ್ಕೋತೀನಿ. ನೀನು ಆ ಪಟ್ಟೆನ ಯಾಕೆ ಬಚ್ಚಿಡ್ತೀಯ? ಸೀರೆಗೆ ಅಂಚಿದ್ರೆ ಕೊಯ್ದು ಎಸೀತೀಯಾ?’ ಎಂದರು.

ಅಲ್ಲಿಗೆ ಚೂರಕ್ಕನ ಕೈ ಓಡತೊಡಗಿತು. ಮಾಸಿದ ಪಟ್ಟೆ ನಡುವೆ ಬರುವಂತೆ ದಿಂಬುಗಳನ್ನು ಹೊಲಿದಳು. ಕುರ್ಚಿಯ ಮೆತ್ತೆಗೆ ಅಂಚಾಗಿ ಕೂರಿಸಿದಳು. ಸಿನಿಮಾ ಪರದೆಯ ಸುದ್ದಿ ಊರಿಗೆ ಹರಡಲು ಎಷ್ಟು ಹೊತ್ತು? ಕ್ಷೌರದವನು ಬಂದ, ಹುಡುಗನಾಗಿದ್ದಾಗ ಓದಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದು ಕೂರುತ್ತಿದ್ದುದು ಅಲ್ಲೇ ಅಂತೆ. ಬೇಕರಿಯಾಕೆ ಬಂದಳು, ಗಂಡ ಮೊದಲ ಸಲ ಕೈ ಹಿಡಿದದ್ದು ಅಲ್ಲೇ ಅಂತೆ. ‘ಆ ಕೈ ಇನ್ನೂ ಬಿಟ್ಟಿಲ್ಲ, ಅದೇ ಈಗ ಕಷ್ಟ’ ಎಂದು ನಕ್ಕು ಎರಡು ದಿಂಬು ಒಯ್ದಳು. ಬಂದವರು ಬರೀ ಸಾಮಾನು ಕೊಂಡು ಹೋಗುತ್ತಿರಲಿಲ್ಲ, ಕೂತು ಕತೆ ಹೇಳಿಯೇ ಏಳುತ್ತಿದ್ದರು.

ಟಾರ್ಚ್ ಮಾಮ ಪರದೆ ನೋಡುವ ನೆಪದಲ್ಲಿ ದಿನಾ ಬರುತ್ತಿದ್ದರು. ಮಧ್ಯಾಹ್ನದ ಆಟದ ಹೊತ್ತಿಗೆ ಸರಿಯಾಗಿ ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಪಕ್ಕ ನಿಲ್ಲುವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಮಧ್ಯಾಹ್ನಗಳು ಉದ್ದವಾಗಿದ್ದವೆಂದು ಚೂರಕ್ಕನಿಗೆ ಅನ್ನಿಸಿತು. ‘ಸುಮ್ನೆ ನಿಂತ್ಕೊಂಡು ಕಾಲು ನೋಯಿಸ್ಕೋಬೇಡಿ ಮಾಮ. ಬಂದವರನ್ನ ಮಾತಾಡ್ಸಿ, ಸಾಮಾನು ತೋರ್ಸಿ. ಕೆಲಸ ಅಂದ್ಮೇಲೆ ಸಂಬಳಾನೂ ಇರುತ್ತೆ’ ಎಂದಳು. ಮರುದಿನ ಅವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು.

ಮಾತಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯಾರು ಬಂದರೂ, ‘ನೀವು ಬಾಲ್ಕನಿಯವರಲ್ವಾ? ಮರೀತೀನಾ?’ ಎಂದು ಶುರು. ಆಮೇಲೆ ಒಂದು ದಿಂಬು ಎತ್ತಿ, ‘ಇದು ನೋಡಿ, ಬಾಲ್ಕನಿ ಕಡೆಯ ತುಂಡು. ನೀವು ಕೂರ್ತಿದ್ದ ಸೀಟಿಗೆ ನೇರ ಎದುರಿಗಿದ್ದಿದ್ದು’ ಎನ್ನುವರು. ತೆರೆಗೆ ಅಂಟಿದ ಗಾಂಧಿ ಕ್ಲಾಸಿನಲ್ಲಿ ಕೂರುತ್ತಿದ್ದವರಿಗೆ ನೆಲದ ಹತ್ತಿರದ ತುಂಡು. ಎಡಗಡೆ ಕೂರುತ್ತಿದ್ದವರಿಗೆ ಎಡಗಡೆಯದು.

ಇದನ್ನು ಕೇಳಿಸಿಕೊಂಡ ಚೂರಕ್ಕ, ಗಿರಾಕಿ ಹೋದ ಮೇಲೆ ಕೇಳಿದಳು: ‘ಮಾಮ, ಎಲ್ಲಾ ಬಿಚ್ಚಿ ಕಲೆಸಿ ಹಾಕಿದೀನಿ. ಎಡ ಯಾವುದು ಬಲ ಯಾವುದು ನಂಗೇ ಗೊತ್ತಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?’

‘ಕತ್ತಲಲ್ಲಿ ಸೀಟು ಹುಡುಕಿದವನು ನಾನು. ಬೆಳಕಲ್ಲಿ ಎಡ ಬಲ ಗೊತ್ತಾಗಲ್ವಾ?’ ಎಂದು ಅವರು ಮೀಸೆಯಡಿ ನಕ್ಕರು. ಅವಳಿಗೂ ನಗು ಬಂತು. ‘ಹಂಗೆಲ್ಲ ಹೇಳ್ಬೇಡಿ’ ಎಂದು ಹಗುರವಾಗಿ ಗದರಿಸಿ ಬಿಟ್ಟಳು. ಗಟ್ಟಿಯಾಗಿ ಹೇಳಬೇಕಿತ್ತು. ಅದು ಅವಳಿಗೆ ಗೊತ್ತಾದದ್ದು ಆಮೇಲೆ.

ಎಷ್ಟು ದೊಡ್ಡ ಪರದೆಯಾದರೂ ಒಂದು ದಿನ ಮುಗಿಯಲೇಬೇಕಲ್ಲ. ಕೊನೆಗುಳಿದ ಒಂದು ಒಳ್ಳೆಯ ಪಾಲನ್ನು ಚೂರಕ್ಕ ತನಗೆಂದು ಎತ್ತಿಟ್ಟುಕೊಂಡಳು. ಇಷ್ಟು ವರ್ಷ ಊರಿನ ಮನೆಗಳಿಗೆಲ್ಲ ಪರದೆ ಹೊಲಿದವಳ ಮನೆಯಲ್ಲಿ, ಮುಂದಿನ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಹಳೇ ಬೆಡ್‌ಶೀಟು ತೂಗುತ್ತಿತ್ತು. ಅದನ್ನು ಕಿತ್ತು ಕೆಂಪು ಮಖಮಲ್ಲು ಇಳಿಬಿಟ್ಟಳು. ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಬರುವಾಗಲೆಲ್ಲ ಗಂಡ ಪರದೆ ಸರಿಸಿ, ರಂಗದ ಮೇಲೆ ಬಂದ ರಾಜನ ಹಾಗೆ ಒಂದು ಕ್ಷಣ ನಿಲ್ಲುತ್ತಿದ್ದ.

ಆ ದಿನಗಳಲ್ಲೇ ದೂರದಲ್ಲಿದ್ದ ತಂಗಿ ಜಾರಿಬಿದ್ದು ಕಾಲು ಮುರಿದುಕೊಂಡಳು. ಚೂರಕ್ಕ ಅಂಗಡಿಯನ್ನು ಮಾಮನಿಗೂ ಅತ್ತೆಗೂ ಒಪ್ಪಿಸಿ ಹೋದವಳು, ತಂಗಿ ಎದ್ದು ಓಡಾಡುವವರೆಗೆ ಅಲ್ಲೇ ಉಳಿದಳು. ವಾಪಸ್ಸು ಬಂದಾಗ ಗೂಡುಗಳು ಬರಿದಾಗಿದ್ದವು. ವ್ಯಾಪಾರ ಚೆನ್ನಾಗಿ ಆಗಿದೆ ಎಂದು ಖುಷಿಪಟ್ಟು, ಮಾಮನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಕೆಲವು ದಿನಗಳಾದ ಮೇಲೆ ಆಸ್ಪತ್ರೆಯ ನರ್ಸಮ್ಮ ಬಂದರು. ಕೈಯಲ್ಲಿ ಕೆಂಪು ದಿಂಬು. ಒಂದು ಕಡೆ ಹೊಲಿಗೆ ಬಿಟ್ಟಿತ್ತು. ‘ಸ್ವಲ್ಪ ಹಾಕ್ಕೊಡಿ ಚೂರಕ್ಕ. ಬೇರೆ ದಿಂಬಾಗಿದ್ರೆ ನಾನೇ ಹೊಲಿದುಬಿಡ್ತಿದ್ದೆ. ಇದಕ್ಕೆ ಸೂಜಿ ಹಾಕೋದಕ್ಕೆ ಧೈರ್ಯ ಸಾಲ್ದು’ ಎಂದರು. ಚಿಕ್ಕಂದಿನಲ್ಲಿ ಅವರಪ್ಪ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಸಿನಿಮಾಕ್ಕೆ ಕರೆದೊಯ್ಯುತ್ತಿದ್ದರಂತೆ. ಪರದೆ ಸರಿಯುವಾಗ ‘ನೋಡು, ಈಗ, ಈಗ’ ಎಂದು ಕಿವಿಯಲ್ಲಿ ಹೇಳುತ್ತಿದ್ದರಂತೆ. ಅಪ್ಪ ಹೋಗಿ ಬಹಳ ವರ್ಷಗಳಾಗಿದ್ದವು.

ಬಾಗಿಲ ಹತ್ತಿರವೇ ಕೂತಿದ್ದ ಅತ್ತೆ ದಿಂಬನ್ನು ಇಸಿದುಕೊಂಡರು. ಒಂದು ಸಲ ಸವರಿದರು. ಎದುರು ಸವರಿದರು. ಹುಬ್ಬು ಗಂಟಿಕ್ಕಿತು.

‘ಹುಡುಗಿ, ಇದು ಜಾರುತ್ತೆ. ನಮ್ಮ ಪರದೆದು ಹತ್ತಿ, ಕೈಗೆ ಬೆಚ್ಚಗೆ ಸಿಗ್ತಿತ್ತು. ಇದು ಮೀನಿನ ಥರ ತಣ್ಣಗಿದೆ.’

ಚೂರಕ್ಕ ನೋಡಿದಳು. ದರ್ಜಿಯ ಅಂಗಡಿಯಿಂದ ಬಂದ ಕೆಂಪು ಮಖಮಲ್ಲಿನ ಚೂರು ಅದು. ತಂಗಿಯ ಊರಿಗೆ ಹೋಗುವ ಮೊದಲು ಅಂಥ ಕೆಲವು ದಿಂಬುಗಳನ್ನು ತಾನೇ ಹೊಲಿದು ಮೇಲಿನ ಗೂಡಿನಲ್ಲಿಟ್ಟಿದ್ದಳು.

‘ಬಾಲ್ಕನಿ ಕಡೆಯದು ಅಂತ ಮಾಮ ಹೇಳಿದ್ರಲ್ಲ?’ ಎಂದರು ನರ್ಸಮ್ಮ.

ಮಾಮ ಬಾಗಿಲಲ್ಲೇ ಇದ್ದರು. ಅವರ ಮುಖ ನೋಡಿದರೆ ಮತ್ತೇನೂ ಕೇಳಬೇಕಾಗಿರಲಿಲ್ಲ. ಚೂರಕ್ಕನಿಗೆ ಕಿವಿಯವರೆಗೆ ಬಿಸಿಯೇರಿತು. ಸುಮ್ಮನೆ ಹೊಲಿಗೆ ಹಾಕಿ ಕೊಟ್ಟರೆ ನರ್ಸಮ್ಮನಿಗೆ ಗೊತ್ತೂ ಆಗುತ್ತಿರಲಿಲ್ಲ, ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಅದು ಅವಳ ಮನಸ್ಸಿನಲ್ಲಿ ಬಂದು ಹೋಯಿತು. ಆದರೆ ಬಾಯಿ ಬೇರೆಯದನ್ನೇ ಹೇಳಿತು.

‘ಇದು ಸಿನಿಮಾ ಪರದೆ ಅಲ್ಲ ನರ್ಸಮ್ಮ. ದರ್ಜಿ ಅಂಗಡಿ ಚೂರು. ನನ್ನ ಅಂಗಡಿಯಿಂದ ನಿಮಗೆ ಸುಳ್ಳು ಹೇಳಿ ಕೊಟ್ಟಂಗಾಯ್ತು.’

ನರ್ಸಮ್ಮ ದಿಂಬನ್ನೊಮ್ಮೆ ಮುಟ್ಟಿ ನೋಡಿದರು. ಆಮೇಲೆ ನಗಲು ನೋಡಿದರು. ‘ಅಯ್ಯೋ, ಅದಕ್ಕೆ ಕೆನ್ನೆಯಿಟ್ಟು ಅಪ್ಪನ ಹತ್ರ ಎಷ್ಟೆಲ್ಲ ಮಾತಾಡಿಬಿಟ್ಟೆನಲ್ಲ’ ಎಂದರು. ನಗು ಅರ್ಧಕ್ಕೇ ನಿಂತಿತು. ದಿಂಬನ್ನು ಅಲ್ಲೇ ಬಿಟ್ಟು ಹೊರಟುಹೋದರು.

‘ಎಷ್ಟು ಜನಕ್ಕೆ ಕೊಟ್ರಿ?’ ಎಂದು ಕೇಳಿದಳು ಚೂರಕ್ಕ.

‘ಒಂದಿಷ್ಟು ಜನಕ್ಕೆ’ ಎಂದರು ಮಾಮ. ‘ಎಲ್ಲಾರೂ ಖುಷಿಯಾಗೇ ಹೋದ್ರು ತಾಯಿ. ಯಾರಿಗೇನು ನಷ್ಟ ಆಯ್ತು?’

‘ನಂಗಾಯ್ತು! ಇದೇನಾಗಿತ್ತು ಅಂತ ಕೇಳಿದ್ರೆ ಚೂರಕ್ಕ ನಿಜ ಹೇಳ್ತಾಳೆ ಅಂತ ತಾನೇ ಜನ ಬರೋದು? ಇನ್ಮೇಲೆ ನಾನು ವಕೀಲರ ಮನೆ ಪರದೆ ಅಂದ್ರೂ ನಗ್ತಾರೆ.’

ಮಾಮ ಚಪ್ಪಲಿ ಮೆಟ್ಟಿಕೊಂಡು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಚೂರಕ್ಕ ಆ ಸಂಜೆ ಅಡುಗೆಮನೆ ಬಾಗಿಲಿನ ಪರದೆಯನ್ನು ಇಳಿಸಿದಳು. ಗಂಡ ಲೋಟ ಹಿಡಿದು ನಿಂತು, ‘ಅದು ನಿಂದು. ಆಸೆಪಟ್ಟು ಹಾಕ್ಕೊಂಡಿದ್ದು’ ಎಂದ. ‘ಹಾಕ್ಕೊಂಡಿದ್ದಾಯ್ತು, ನೋಡಿದ್ದಾಯ್ತು’ ಎಂದು ಅವಳು ಕತ್ತರಿ ಹಿಡಿದಳು. ಮೊದಲ ಕತ್ತರಿಗೆ ಮಾತ್ರ ಕೈ ತುಸು ತಡೆಯಿತು. ಆಮೇಲೆ ಅತ್ತೆ ಒಂದೊಂದು ತುಂಡನ್ನೂ ಸವರಿ ದಿಕ್ಕು ನೋಡಿ ಕೊಡುತ್ತ ಹೋದರು, ಅವಳು ಹೊಲಿಯುತ್ತ ಹೋದಳು.

ಯಾರ್ಯಾರು ಕೊಂಡರೆಂದು ಅತ್ತೆಗೆ ದನಿಯ ಮೇಲೆ ನೆನಪಿತ್ತು. ಗಂಡನ ಗಾಡಿಯಲ್ಲಿ ಕೂತು ಮನೆಮನೆಗೆ ಹೋದಳು. ಮೊದಲನೆಯ ಮನೆಯ ಮುದಿ ದಂಪತಿ ಎಲ್ಲವನ್ನೂ ಕೇಳಿಸಿಕೊಂಡು, ಅವಳು ತಂದ ಸಿನಿಮಾ ಮಖಮಲ್ಲನ್ನು ಮುಟ್ಟಿ ನೋಡಿ, ‘ನಮಗೆ ಮೊದಲಿನದೇ ಇರಲಮ್ಮ. ತೊಳೆಯೋದಕ್ಕೆ ಸುಲಭ’ ಎಂದುಬಿಟ್ಟರು. ಕ್ಷೌರದವನು ಎರಡನೇ ಸಲ ಕೊಂಡವನು. ಎರಡೂ ಇರಲಿ ಎಂದ. ಒಬ್ಬ ಔಷಧದಂಗಡಿಯವನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ದೂರದಲ್ಲಿರುವ ಅಣ್ಣನಿಗೆ ನೆನಪಿನ ಕಾಣಿಕೆಯೆಂದು ಆ ದಿಂಬನ್ನು ಕಳಿಸಿಬಿಟ್ಟಿದ್ದ. ‘ಈಗ ಅವನಿಗೆ ಏನಂತ ಹೇಳಲಿ? ನಿಮ್ಮ ಅಂಗಡಿ ಹೊಸ್ತಿಲು ತುಳಿಯಲ್ಲ’ ಎಂದು ಅಂಗಡಿಯೊಳಗಿಂದಲೇ ಕೂಗಾಡಿದ. ಅವಳು ತಲೆತಗ್ಗಿಸಿ ಕೇಳಿಸಿಕೊಂಡು ಹೊಸ ದಿಂಬನ್ನು ಮೇಜಿನ ಮೇಲಿಟ್ಟು ಬಂದಳು. ನರ್ಸಮ್ಮ ಮನೆಯಲ್ಲಿರಲಿಲ್ಲ. ಎಲ್ಲಕ್ಕಿಂತ ದೊಡ್ಡದನ್ನು, ನಡುವೆ ಅಗಲ ಪಟ್ಟೆಯಿದ್ದದ್ದನ್ನು, ಅವರ ಅಕ್ಕನ ಕೈಗೆ ಕೊಟ್ಟಳು.

ಕೊನೆಗೆ ಗಾಡಿ ಸೈಕಲ್ ಅಂಗಡಿಯ ಮುಂದೆ ನಿಂತಿತು. ಅದರ ಮೇಲಿನ ಒಂದು ಕೋಣೆಯಲ್ಲಿ ಟಾರ್ಚ್ ಮಾಮ ಇದ್ದರು. ಒಂದು ಹಾಸಿಗೆ, ಒಂದು ಸ್ಟೌ, ಕಿಟಕಿಯಲ್ಲಿ ಒಗೆದು ಹಾಕಿದ ಅಂಗಿ. ಇದ್ದ ಒಂದೇ ಕುರ್ಚಿಯನ್ನು ಒರೆಸಿ ಅವಳಿಗೆ ಕೊಟ್ಟು ತಾವು ಹಾಸಿಗೆಯ ಅಂಚಿಗೆ ಕೂತರು.

‘ಕೊಟ್ಟೋರಿಗೆಲ್ಲ ಬದಲಾಯ್ಸಿ ಬಂದೆ’ ಎಂದಳು.

‘ಯಾವುದರಲ್ಲಿ? ಪರದೆ ಮುಗಿದಿತ್ತಲ್ಲ?’

‘ನಮ್ಮ ಬಾಗಿಲದ್ದು ಇತ್ತು.’

ಮಾಮ ನಿಧಾನಕ್ಕೆ ಹೇಳಿದರು: ‘ಹೌಸ್‌ಫುಲ್ ಆದ ದಿನಾನೂ ಜನ ಬರ್ತಿದ್ರು ತಾಯಿ. ಮಕ್ಕಳನ್ನ ಎತ್ತಿಕೊಂಡು, ನಡ್ಕೊಂಡು. ಬೋರ್ಡು ನೋಡಿ ಅವರ ಮುಖ ಸಣ್ಣಗಾಗೋದು. ನಾನು ಯಾರನ್ನೂ ವಾಪಸ್ ಕಳಿಸಲಿಲ್ಲ. ಕ್ಯಾಂಟೀನಿಂದ ಕುರ್ಚಿ ತಂದು ದಾರೀಲಿ ಹಾಕಿ ಕೂರಿಸ್ತಿದ್ದೆ. ಮ್ಯಾನೇಜರ್ ಹತ್ರ ಎಷ್ಟು ಬೈಸ್ಕೊಂಡಿದೀನಿ! ಆ ನರ್ಸಮ್ಮ ಬಂದು ಪರದೆದು ಒಂದಿದ್ಯಾ ಅಂದ್ರು. ಇಲ್ಲ ಅಂತ ಬಾಯಿಗೆ ಬರಲಿಲ್ಲ. ಮೇಲಿನ ಗೂಡಲ್ಲಿ ಕೆಂಪಗೆ ಕಾಣ್ತು. ಕುರ್ಚಿ ಹಾಕಿಬಿಟ್ಟೆ.’

ಚೂರಕ್ಕ ಬೈಯಬೇಕೆಂದೇ ಬಂದಿದ್ದಳು. ಬರುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಅವೆಲ್ಲ ಎಲ್ಲೋ ಉದುರಿಹೋದವು. ‘ನಿಮ್ಮ ಕುರ್ಚಿ ಕಾಲಿಗೆ ಸಿಕ್ಕಿ ನಾನು ಬಿದ್ದೆ ಮಾಮ’ ಎಂದಳು. ಅವರು ತಲೆಯೆತ್ತಿ ನೋಡಿದರು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಮಾಮನ ಕಣ್ಣಲ್ಲಿ ನೀರೂ ಬಂತು.

‘ನಾಳೆಯಿಂದ ಬನ್ನಿ. ಆದ್ರೆ ಮೊದಲು ನರ್ಸಮ್ಮನ ಹತ್ರ, ಆ ಔಷಧದಂಗಡಿಯವನ ಹತ್ರ ನೀವೇ ಹೋಗಿ ಬರಬೇಕು. ಅದು ನನ್ನ ಕೈಲಿ ಆಗೋ ಕೆಲಸ ಅಲ್ಲ.’

ಅವರು ಹೋದರು. ನರ್ಸಮ್ಮನ ಬಳಿ ಏನು ಮಾತಾಯಿತೋ ಯಾರಿಗೂ ಹೇಳಲಿಲ್ಲ. ಆದರೆ ಮುಂದಿನ ವಾರ ನರ್ಸಮ್ಮ ಅಂಗಡಿಗೆ ಬಂದು, ಬಿಟ್ಟುಹೋಗಿದ್ದ ದರ್ಜಿ ಮಖಮಲ್ಲಿನ ದಿಂಬನ್ನೂ ಕೇಳಿ ಒಯ್ದರು. ‘ಅಷ್ಟು ದಿನ ನನ್ನ ಮಾತು ಕೇಳಿಸ್ಕೊಂಡಿದ್ದು ಇದೇ ಅಲ್ವಾ? ಹೊರಗೆ ಹಾಕೋದಕ್ಕೆ ಮನಸ್ಸಾಗಲ್ಲ’ ಎಂದರು. ಔಷಧದಂಗಡಿಯವನು ಮಾತ್ರ ಮಾಮನನ್ನು ಕೂತುಕೋ ಎನ್ನಲೂ ಇಲ್ಲವಂತೆ. ಇವತ್ತಿಗೂ ಅವನು ಚೂರಕ್ಕನ ಬೀದಿಗೆ ಬಂದರೆ ಎದುರು ಬದಿಯಲ್ಲಿ ನಡೆಯುತ್ತಾನೆ. ಅವಳಿಗೆ ಅದು ಚುಚ್ಚುತ್ತದೆ. ಆದರೂ ಅವನ ಸಿಟ್ಟಿನಲ್ಲಿ ನ್ಯಾಯವಿದೆ ಎಂದು ಒಪ್ಪಿಕೊಳ್ಳುತ್ತಾಳೆ.

ಈಗ ಅಂಗಡಿಯಲ್ಲಿ ಮಾಮ ಎಷ್ಟು ಬೇಕಾದರೂ ಮಾತಾಡಬಹುದು. ಬಟ್ಟೆ ಎಲ್ಲಿಯದು ಎನ್ನುವ ಮಾತಿಗೆ ಮಾತ್ರ ತಿರುಗಿ ಚೂರಕ್ಕನ ಮುಖ ನೋಡಬೇಕು. ಅಡುಗೆಮನೆ ಬಾಗಿಲಿಗೆ ಬೆಡ್‌ಶೀಟು ಮರಳಿ ಬಂದಿದೆ. ಗಂಡ ಅದನ್ನು ಸರಿಸಿ ಬರುವಾಗ ಮೊದಲಿನಂತೆ ನಿಲ್ಲುವುದಿಲ್ಲ, ಕಾಫಿ ಆರುವುದರೊಳಗೆ ಬರುತ್ತಾನೆ.

ಹೋದ ತಿಂಗಳು ಅವನು ಒಂದು ಕೊಡೆ ಅಂಗಡಿಯ ಸಾಮಾನು ಸಾಗಿಸಲು ಹೋಗಿ, ಅಲ್ಲಿ ಮೂಲೆಯಲ್ಲಿ ರಾಶಿ ಬಿದ್ದಿದ್ದ ಮುರುಕಲು ಕೊಡೆಗಳನ್ನೆಲ್ಲ ಗಾಡಿಗೆ ತುಂಬಿಸಿಕೊಂಡು ಬಂದ. ಕೇಳದೆಯೇ ತಂದದ್ದು ಅದೇ ಮೊದಲು. ‘ನೀರು ಇಳಿಯದ ಬಟ್ಟೆ. ಅಂಗಳದ ಕುರ್ಚಿಗೆ ಮೆತ್ತೆ ಆಗಲ್ವಾ?’ ಎಂದು ಹೇಳಿ, ಹೊಗಳಿಕೆಗೆ ಕಾಯುವವನ ಹಾಗೆ ನಿಂತ. ಚೂರಕ್ಕ ಒಂದು ಕೊಡೆಯನ್ನು ಬಿಚ್ಚಿ, ಬಟ್ಟೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದಳು. ‘ಆಗುತ್ತೆ’ ಎಂದಳು. ಮಾಮ ಇಕ್ಕಳ ಹಿಡಿದು ಕಡ್ಡಿ ಕೀಳಲು ಕೂತರು. ಅತ್ತೆ ಒಂದು ಕೊಡೆಯನ್ನು ಬಿಚ್ಚಲು ಹೋದಾಗ ಅದು ಫಟ್ಟನೆ ತೆರೆದುಕೊಂಡು ಕೋಣೆಯಲ್ಲಿ ಯಾರಿಗೂ ಯಾರೂ ಕಾಣದಂತಾಯಿತು. ಕೊಡೆಯ ಆಚೆಯಿಂದ ಅವರ ದನಿ ಕೇಳಿಸಿತು: ‘ಹುಡುಗಿ, ಇದರಲ್ಲಿ ಹಳದಿ ಇದ್ಯಾ ನೋಡು!’